ಹುರಿಯುವ ಕೋಣೆಯ ಕಿಟಕಿ

ನಮ್ಮ ಮನೆಯ ಹುರಿಯುವ ಕೋಣೆಗೆ ಒಂದೇ ಒಂದು ಕಿಟಕಿ ಇತ್ತು. ಅದಕ್ಕೆ ನಮ್ಮ ಮಾವ ಹೊರಗಿನಿಂದ ಹಲಗೆ ಹೊಡೆಸಿದ್ದರು. ಮೆಣಸಿನಕಾಯಿ ಹುರಿಯುವ ಕೋಣೆಗೆ ಗಾಳಿ ಬೇಡವೆಂದು ತಲೆ ನೆಟ್ಟಗಿರುವ ಯಾರೂ ಹೇಳುವುದಿಲ್ಲ. ಆದರೆ ಮಾವನಿಗೆ ಗಾಳಿಗಿಂತ ಗುಟ್ಟು ಮುಖ್ಯವಾಗಿತ್ತು. ಈ ಕಿಟಕಿಯ ವಿಷಯ ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಇಳಿಯಲಿ, ಆಮೇಲೆ ಬರೆಯೋಣ ಎಂದು ಬಹಳ ವರ್ಷ ಕಾದೆ. ಅದು ಇಳಿಯುವ ಹಾಗೆ ಕಾಣಲಿಲ್ಲ. ಆದ್ದರಿಂದ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯ ಮಾತು ಇದು. ತ್ಯಾಗರಾಜನಗರದಲ್ಲಿ ನಮ್ಮದು ಕಾಂಡಿಮೆಂಟ್ಸ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಮನೆಯ ತುದಿಗೆ ಓಣಿಗೆ ಅಂಟಿಕೊಂಡಂತೆ ಹುರಿಯುವ ಕೋಣೆ, ಮೇಲೆ ಹಪ್ಪಳ ಒಣಗಿಸುವ ತಾರಸಿ. ಹುಳಿಪುಡಿ, ಸಾರಿನ ಪುಡಿ, ಹಪ್ಪಳ, ಸಂಡಿಗೆ ಎಲ್ಲವನ್ನೂ ಮನೆಯಲ್ಲೇ ಮಾಡಿ ಮಾರುತ್ತಿದ್ದೆವು. ಮನೆಯಲ್ಲಿ ಮಾವ, ಅವರ ಇಬ್ಬರು ಗಂಡುಮಕ್ಕಳು, ನಾವಿಬ್ಬರು ಸೊಸೆಯರು. ಅತ್ತೆ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ನಾನು ಕಿರಿಯ ಸೊಸೆ. ನನ್ನ ಓರಗಿತ್ತಿಯನ್ನು ಅಕ್ಕ ಎಂದು ಕರೆಯುತ್ತಿದ್ದೆ, ಅವರ ಗಂಡನನ್ನು ಭಾವ ಎಂದು.

ಪುಡಿ ಹುರಿಯುವ ಕೆಲಸ ಅಕ್ಕನದು. ಹಪ್ಪಳ ಸಂಡಿಗೆ ನನ್ನದು. ಕೆಲಸ ಹಂಚಿಕೊಂಡಿದ್ದೆವು ಎಂದು ಯಾರಾದರೂ ತಿಳಿದರೆ ಅದು ತಪ್ಪು. ಹಂಚಿದ್ದು ಕೆಲಸವನ್ನಲ್ಲ, ವಿದ್ಯೆಯನ್ನು. ಅತ್ತೆ ಅಕ್ಕನಿಗೆ ಹುರಿಯುವುದನ್ನು ಕಲಿಸಿದಾಗ ಬಾಗಿಲು ಹಾಕಿಕೊಂಡು ಕಲಿಸಿದ್ದರು. ನನಗೆ ಹಪ್ಪಳದ ಹಿಟ್ಟು ಕಲಸುವುದನ್ನು ಹೇಳಿಕೊಟ್ಟಾಗ ಅಕ್ಕನನ್ನು ತರಕಾರಿ ತರಲು ಕಳಿಸಿದ್ದರು. ಒಂದೇ ಮನೆಯಲ್ಲಿ, ಒಂದೇ ಕುಕ್ಕರಿನ ಅನ್ನ ಉಣ್ಣುವ ನಾವಿಬ್ಬರೂ ಒಬ್ಬರ ಕೈಚಳಕ ಇನ್ನೊಬ್ಬರು ನೋಡಬಾರದು ಎಂಬುದು ಆ ಮನೆಯ ಕಟ್ಟಳೆ. ಅಕ್ಕ ಹುರಿಯುವಾಗ ಒಳಗಿನಿಂದ ಅಗಳಿ ಹಾಕಿಕೊಳ್ಳಬೇಕು. ನಾನು ತಾರಸಿಯಲ್ಲಿ ಹಿಟ್ಟು ಕಲಸುವಾಗ ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಬೇಕು. ಗಂಡಸರಿಗಂತೂ ಎರಡೂ ಗೊತ್ತಿರಲಿಲ್ಲ. ಅವರು ಸಾಮಾನು ತರುತ್ತಿದ್ದರು, ಗಲ್ಲಾದಲ್ಲಿ ಕೂರುತ್ತಿದ್ದರು.

ಇದಕ್ಕೆ ಕಾರಣ ಮಾವನ ತಮ್ಮ. ಅಣ್ಣ ತಮ್ಮ ಸೇರಿ ಶುರುಮಾಡಿದ ಅಂಗಡಿ ಅದು. ಪುಡಿ, ಹಪ್ಪಳ ಮಾಡುತ್ತಿದ್ದವರು ಅತ್ತೆ, ಮಾವ ಗಲ್ಲಾ ಬಿಟ್ಟು ಏಳುತ್ತಿರಲಿಲ್ಲ. ತಮ್ಮ ಅತ್ತೆಯಿಂದ ಎಲ್ಲವನ್ನೂ ಕಲಿತ, ಯಾವುದೋ ವಿಷಯಕ್ಕೆ ಜಗಳವಾಡಿದ, ಕತ್ರಿಗುಪ್ಪೆಗೆ ಹೋಗಿ ಅದೇ ರುಚಿಯ ಪುಡಿ ಮಾಡಿ ತನ್ನದೇ ಅಂಗಡಿ ತೆರೆದ. ಅವತ್ತು ಮಾವ ತೀರ್ಮಾನ ಮಾಡಿದರಂತೆ: ಇನ್ನು ಈ ಮನೆಯ ಗಂಡುಮಕ್ಕಳಿಗೆ ವಿದ್ಯೆ ಕೊಡಬಾರದು, ಕಲಿತವನು ಹೊರಟುಹೋಗುತ್ತಾನೆ. ಸೊಸೆಯರಿಗೆ ಕೊಡಬೇಕು, ಅದೂ ಒಬ್ಬೊಬ್ಬರಿಗೆ ಒಂದೊಂದು ಪಾಲು. ಸೊಸೆಯರಿಗೆ ಹೋಗಲು ಜಾಗವೆಲ್ಲಿದೆ? ನಮ್ಮನ್ನು ನಂಬಿ ಗುಟ್ಟು ಕೊಟ್ಟರು ಎಂದು ನಾನು ಮೊದಮೊದಲು ಹೆಮ್ಮೆಪಟ್ಟಿದ್ದೆ. ನಾವು ಎಲ್ಲಿಗೂ ಹೋಗಲಾರೆವು ಎಂದು ಕೊಟ್ಟದ್ದು ಅದು. ಕಿಟಕಿಗೆ ಹಲಗೆ ಬಿದ್ದದ್ದೂ ಆಗಲೇ. ಯಾವುದರ ನಂತರ ಯಾವುದು ಹುರಿಯುತ್ತಾರೆ ಎಂಬುದನ್ನು ಓಣಿಯಲ್ಲಿ ನಿಂತವನು ವಾಸನೆಯಿಂದಲೇ ಹೇಳಬಲ್ಲ ಎಂದು ಮಾವ ನಂಬಿದ್ದರು.

ಅಂದಹಾಗೆ ಆ ತಮ್ಮನ ಅಂಗಡಿಯೂ ನಡೆಯಿತು, ನಮ್ಮದೂ ನಡೆಯಿತು. ಊರು ಕತ್ರಿಗುಪ್ಪೆ ದಾಟಿ ಬೆಳೆಯುತ್ತಿದ್ದಾಗ ಎಲ್ಲರ ಮನೆಯಲ್ಲೂ ಹುಳಿ ಕುದಿಯುತ್ತಿತ್ತು, ಎಲ್ಲರಿಗೂ ಪುಡಿ ಬೇಕಿತ್ತು. ನಮ್ಮ ಒಬ್ಬ ಗಿರಾಕಿಯೂ ಕಡಿಮೆಯಾಗಲಿಲ್ಲ. ಇದನ್ನು ಮಾವನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಬೇಸಿಗೆಯಲ್ಲಿ ಜಯನಗರದ ಒಂದು ದೊಡ್ಡ ಡಿಪಾರ್ಟ್‌ಮೆಂಟಲ್ ಸ್ಟೋರಿನವರು ನಮ್ಮ ಹುಳಿಪುಡಿಯನ್ನು ತಮ್ಮಲ್ಲಿ ಇಡಲು ಒಪ್ಪಿದರು. ಮಾವ ಹೊಸ ಶರ್ಟು ಹಾಕಿಕೊಂಡು ಹೋಗಿ ಮಾತಾಡಿ ಬಂದರು. ಮೊದಲು ವಾರಕ್ಕೆ ಎರಡು ಸಲ ಹುರಿಯುತ್ತಿದ್ದ ಅಕ್ಕ ಈಗ ದಿನಾ ಹುರಿಯಬೇಕಾಯಿತು.

ಹುರಿಯುವುದು ಎಂದರೆ ಏನೆಂದು ಹೇಳಬೇಕು. ದೊಡ್ಡ ಗ್ಯಾಸ್ ಒಲೆ, ಅದರ ಮೇಲೆ ಇಬ್ಬರು ಎತ್ತಬೇಕಾದ ಕಬ್ಬಿಣದ ಬಾಣಲೆ. ಧನಿಯಾ, ಕಡಲೆಬೇಳೆ, ಉದ್ದಿನಬೇಳೆ, ಮೆಂತ್ಯ, ಜೀರಿಗೆ, ಮೆಣಸು ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು. ಒಂದೊಂದಕ್ಕೂ ಉರಿ ಬೇರೆ. ಕೊನೆಗೆ ಬ್ಯಾಡಗಿ ಮೆಣಸಿನಕಾಯಿ, ತುದಿಬೆರಳಿನಷ್ಟು ಹರಳೆಣ್ಣೆ ಸವರಿಕೊಂಡು. ಸಣ್ಣ ಉರಿಯಲ್ಲಿ ಕೈ ಬಿಡದೆ ಮಗುಚುತ್ತಿರಬೇಕು. ಮನೆಯಲ್ಲಿ ಒಂದು ಹಿಡಿ ಮೆಣಸಿನಕಾಯಿ ಹುರಿದರೆ ಪಕ್ಕದ ಮನೆಯವರು ಸೀನುತ್ತಾರೆ. ಅಕ್ಕ ಹುರಿಯುತ್ತಿದ್ದದ್ದು ಮೂಟೆಗಟ್ಟಲೆ, ಬಾಗಿಲು ಹಾಕಿ, ಹಲಗೆ ಹೊಡೆದ ಕಿಟಕಿಯ ಕೋಣೆಯಲ್ಲಿ. ಹೊರಗೆ ಬರುವಾಗ ಅವರ ಕಣ್ಣು ಕೆಂಡದ ಹಾಗಿರುತ್ತಿತ್ತು. ಸೆರಗಿನಿಂದ ಬಾಯಿ ಒತ್ತಿಕೊಂಡು ಬಚ್ಚಲಮನೆಗೆ ಹೋಗಿ ಬಹಳ ಹೊತ್ತು ಕೆಮ್ಮುತ್ತಿದ್ದರು. ಆಮೇಲೆ ಬಂದು ಏನೂ ಆಗದವರ ಹಾಗೆ ಅನ್ನಕ್ಕಿಡುತ್ತಿದ್ದರು.

ಆ ಆರ್ಡರ್ ಬಂದ ಮೇಲೆ ಕೆಮ್ಮು ಬಚ್ಚಲಮನೆಯಲ್ಲಿ ನಿಲ್ಲಲಿಲ್ಲ. ಮಾತಾಡುವಾಗ ಬಂತು, ಮಲಗಿದಾಗ ಬಂತು, ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸಿಳ್ಳೆಯಂಥ ಸದ್ದು ಬಂತು. ನಾನೇ ಬಲವಂತವಾಗಿ ಅವರನ್ನು ಬನಶಂಕರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆಗೆ ಸ್ಟೆತಸ್ಕೋಪ್ ಇಟ್ಟು, ಬೆನ್ನಿಗಿಟ್ಟು, ಏನು ಕೆಲಸ ಎಂದು ಕೇಳಿದರು. ಅಕ್ಕ ಮನೆಗೆಲಸ ಅಂದರು. ನಾನು ನಿಜ ಹೇಳಿದೆ.

"ನೋಡಿಮ್ಮಾ, ಔಷಧಿ ನಾನು ಕೊಡ್ತೀನಿ," ಅಂದರು ಡಾಕ್ಟರು. "ಆದ್ರೆ ಇವ್ರು ಆ ಘಾಟಲ್ಲಿ ನಿಂತ್ಕೊಂಡು ಎಷ್ಟು ಔಷಧಿ ತಗೊಂಡ್ರೂ ಅಷ್ಟೆ. ಆ ಕೆಲಸ ಬೇರೆಯವ್ರು ಮಾಡ್ಲಿ. ಇಲ್ಲಾಂದ್ರೆ ಒಂದಿನ ಉಸಿರು ಕಟ್ಟುತ್ತೆ."

ಮನೆಗೆ ಬಂದು ಮಾವನಿಗೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಡದೆ ಕೇಳಿಸಿಕೊಂಡರು.

"ಡಾಕ್ಟ್ರಿಗೇನಮ್ಮ, ಹೇಳ್ಬಿಡ್ತಾರೆ. ನಿಮ್ಮತ್ತೆನೂ ಕೆಮ್ತಿದ್ಲು. ಬಾಯಿಗೊಂದು ಒದ್ದೆ ಬಟ್ಟೆ ಕಟ್ಕೊಂಡ್ರೆ ಸರಿಹೋಗುತ್ತೆ."

"ಅತ್ತೆ ಹುರೀತಿದ್ದಾಗ ಕಿಟಕಿ ತೆಗೆದಿತ್ತಂತಲ್ಲ ಮಾವ. ಹಲಗೆ ತೆಗೆಸಿಬಿಡಿ. ಅಷ್ಟು ಸಾಕು."

"ತೆಗ್ಸಿ? ಓಣೀಲಿ ಹೋಗೋರಿಗೆಲ್ಲ ಮೂಸಿ ನೋಡಿ ಅಂತ ಬೋರ್ಡ್ ಹಾಕ್ಲಾ?"

"ಹಾಗಾದ್ರೆ ನನಗೆ ಕಲಿಸ್ಲಿ. ಒಂದಿನ ಅಕ್ಕ, ಒಂದಿನ ನಾನು."

ಆಗ ಲೋಟ ಕೆಳಗಿಟ್ಟರು. "ಒಬ್ಬರ ಕೈಲೇ ಎರಡೂ ಸೇರಿದ್ರೆ ಏನಾಗುತ್ತೆ ಅಂತ ನಾನು ಒಂದ್ಸಲ ನೋಡಿದೀನಿ. ಇನ್ನೊಂದ್ಸಲ ನೋಡಕ್ಕೆ ಇಷ್ಟ ಇಲ್ಲ."

ಭಾವ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ತಮ್ಮ ಹೆಂಡತಿಯ ಎದೆಯ ಮಾತು ನಡೆಯುತ್ತಿದೆ ಎಂದು ಗೊತ್ತಿದ್ದೂ ಪುಟ ತಿರುಗಿಸಿದರು. ಒಳಗೆ ಬಂದು ನನ್ನ ಗಂಡನನ್ನು ಕೇಳಿದೆ: "ನೀವಾದ್ರೂ ಹೇಳಬಾರ್ದೇನ್ರೀ?" ಅವರು, "ಅಪ್ಪನಿಗೆ ಎದುರಾಡಿ ಅಭ್ಯಾಸ ಇಲ್ಲ ಕಣೆ," ಅಂದರು, ಅಭ್ಯಾಸವಿಲ್ಲದ್ದು ಒಂದು ಒಳ್ಳೆಯ ಗುಣ ಎಂಬಂತೆ. ಆ ಮನೆಯ ಗಂಡಸರ ಮೇಲೆ ನನಗೆ ಅವತ್ತು ಬಂದ ಸಿಟ್ಟಿನಲ್ಲಿ ಒಂದು ಮೂಟೆ ಮೆಣಸಿನಕಾಯಿ ಉರಿಯಿಲ್ಲದೆ ಹುರಿಯಬಹುದಿತ್ತು.

ಆದರೆ ನಿಜವಾಗಿ ನನ್ನ ಬಾಯಿ ಮುಚ್ಚಿಸಿದ್ದು ಅಕ್ಕ. ಮಾವ ಒಪ್ಪದಿದ್ದರೆ ಬೇಡ, ನಾವಿಬ್ಬರೇ ಗುಟ್ಟಾಗಿ ಮಾಡೋಣ ಎಂದುಕೊಂಡು, ಮಧ್ಯಾಹ್ನ ಅವರು ಮೆಂತ್ಯ ಆರಿಸುತ್ತಾ ಕೂತಿದ್ದಾಗ ಪಕ್ಕದಲ್ಲಿ ಕೂತು ಕೇಳಿದೆ. "ನನಗೆ ಹೇಳಿಕೊಡಿ ಅಕ್ಕ. ನಿಮ್ಮ ಬದಲು ನಾನು ಹುರೀತೀನಿ. ಯಾರಿಗೂ ಹೇಳಲ್ಲ."

ಅಕ್ಕ ಮೊರ ಕೆಳಗಿಟ್ಟು ನನ್ನನ್ನೇ ನೋಡಿದರು. "ಬೇಡ ಕಣೆ."

"ಯಾಕಕ್ಕ?"

"ನಂಗೆ ಮಕ್ಕಳಿಲ್ಲ. ತವರಲ್ಲಿ ಯಾರೂ ಉಳಿದಿಲ್ಲ. ಈ ಮನೇಲಿ ನಂಗೆ ಅಂತ ಇರೋದು ಇದೊಂದೇ. ಇದನ್ನೂ ನಿಂಗೆ ಕೊಟ್ಟುಬಿಟ್ರೆ ನಾಳೆ ನನ್ನನ್ನ ಯಾಕೆ ಇಟ್ಕೋತಾರೆ ಹೇಳು?"

ಇಲ್ಲ, ಹಾಗೇನೂ ಆಗಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದೆ. ಆದರೆ ಆ ಮನೆಯಲ್ಲಿ ಹಾಗೇ ಆಗಬಹುದಿತ್ತು. ಅಕ್ಕ ಮೊರ ಮತ್ತೆ ಕೈಗೆತ್ತಿಕೊಂಡು ಮೆಂತ್ಯದಲ್ಲಿ ಕಲ್ಲು ಹುಡುಕತೊಡಗಿದರು. ಹೊಗೆಯಲ್ಲಿ ಉಸಿರು ಕಟ್ಟುತ್ತಿರುವವರೇ ಆ ಹೊಗೆಯನ್ನು ಆಸ್ತಿಯ ಹಾಗೆ ಎದೆಗಪ್ಪಿಕೊಂಡಿರುವುದನ್ನು ನೋಡಿ ನನಗೆ ಅಳು ಬಂತು. ಅಳುವಿಗಿಂತ ಮುಂಚೆ ಸಿಟ್ಟು ಬಂತು.

ಅದಾಗಿ ಒಂದು ವಾರವಿರಬಹುದು. ಬೆಳಿಗ್ಗೆ ತಿಂಡಿಯಾದ ಮೇಲೆ ಮಾವ ಮತ್ತು ಭಾವ ಪುಡಿಯ ಪೊಟ್ಟಣಗಳನ್ನು ಆಟೋಗೆ ತುಂಬಿಕೊಂಡು ಜಯನಗರಕ್ಕೆ ಹೋದರು. ನನ್ನ ಗಂಡ ಅಂಗಡಿಯಲ್ಲಿದ್ದರು. ನಾನು ತಾರಸಿಯಲ್ಲಿ ಹಪ್ಪಳ ತಿರುವಿಹಾಕುತ್ತಿದ್ದೆ. ಕೆಳಗಿನ ಕೋಣೆಯಿಂದ ಬಾಣಲೆಗೆ ಮಗುಚುವ ಕೈ ಉಜ್ಜುವ ಸದ್ದು ದಿನದ ಹಾಗೆ ಕೇಳುತ್ತಿತ್ತು. ಮೆಣಸಿನಕಾಯಿಯ ಹೊತ್ತಿಗೆ ಆ ಸದ್ದು ಬೇಗ ಬೇಗ ಬರುತ್ತದೆ, ಒಂದು ಕ್ಷಣ ನಿಂತರೂ ಸೀಯುತ್ತದೆ. ಸದ್ದು ನಿಂತಿತು. ಕೆಮ್ಮು ಕೇಳಿಸಿತು. ಆಮೇಲೆ ಏನೋ ಬಿದ್ದ ಸದ್ದು, ಮತ್ತೆ ಕೆಮ್ಮೂ ಇಲ್ಲ.

ಓಡಿ ಇಳಿದು ಬಾಗಿಲು ಬಡಿದೆ. ಒಳಗಿನಿಂದ ಅಗಳಿ. ಅಕ್ಕಾ, ಅಕ್ಕಾ ಎಂದು ಕೂಗಿದೆ. ನನ್ನ ಗಂಡ ಬಂದು ಭುಜ ಕೊಟ್ಟು ನೂಕಿದರು. ಅದು ಹಳೆಯ ಮರದ ಬಾಗಿಲು, ಗುಟ್ಟು ಕಾಯಲೆಂದೇ ಮಾಡಿಸಿದ್ದು, ಅಲ್ಲಾಡಲೂ ಇಲ್ಲ. ಬೆಲ್ಲದ ಅಚ್ಚು ಒಡೆಯಲು ಇಟ್ಟಿದ್ದ ಕಬ್ಬಿಣದ ಸಲಾಕೆ ಅಲ್ಲೇ ಮೂಲೆಯಲ್ಲಿತ್ತು. ಅದನ್ನು ತೆಗೆದುಕೊಂಡು ಓಣಿಗೆ ಓಡಿದೆ. ಹಲಗೆಯ ಸಂದಿಗೆ ತುರುಕಿ ಮೀಟಿದೆ. ಒಂದು ಹಲಗೆ ಕಿತ್ತುಬಂತು. ಘಾಟು ಮುಖಕ್ಕೆ ಹೊಡೆದ ರಭಸಕ್ಕೆ ಕಣ್ಣು ಕಾಣಲಿಲ್ಲ. ಕಣ್ಣು ಮುಚ್ಚಿಕೊಂಡೇ ಉಳಿದ ಹಲಗೆಗಳನ್ನೂ ಮೀಟಿದೆ. ಓಣಿಯ ಎರಡೂ ಬದಿಯ ಮನೆಗಳವರು ಕೆಮ್ಮುತ್ತಾ ಹೊರಗೆ ಬಂದರು.

ಕಿಟಕಿಯ ಸರಳುಗಳ ಆಚೆ, ಒಲೆಯ ಪಕ್ಕ ಅಕ್ಕ ನೆಲದ ಮೇಲೆ ಮುದುಡಿ ಬಿದ್ದಿದ್ದರು. ಬಾಣಲೆಯಲ್ಲಿ ಮೆಣಸಿನಕಾಯಿ ಕರಿಯಾಗಿ ಹೊಗೆಯಾಡುತ್ತಿತ್ತು. ನಾನು ಕೂಗುತ್ತಲೇ ಇದ್ದೆ. ಹೊಗೆ ಹೊರಗೆ ಬಂದು ಒಳಗೆ ಗಾಳಿ ಆಡಿದ ಮೇಲೆ ಅವರು ತಲೆ ಎತ್ತಿದರು. ಬಾಗಿಲ ತನಕ ತೆವಳಿದರು. ಅಗಳಿ ತೆಗೆಯುವಷ್ಟು ಎದ್ದರು. ಆಚೆ ಕಡೆ ನನ್ನ ಗಂಡ ಅವರನ್ನು ಹಿಡಿದುಕೊಂಡರು.

ನರ್ಸಿಂಗ್ ಹೋಮಿನಲ್ಲಿ ಮೂಗಿಗೆ ಆಕ್ಸಿಜನ್ ಹಾಕಿ ಮಲಗಿಸಿದರು. ಅವರಿಗೆ ಬಟ್ಟೆ ತರೋಣವೆಂದು ನಾನು ಮಧ್ಯಾಹ್ನ ಮನೆಗೆ ಬಂದಾಗ ಮಾವ ಓಣಿಯಲ್ಲಿ ಕಿಟಕಿಯ ಮುಂದೆ ನಿಂತಿದ್ದರು. ನನ್ನ ಗಂಡ ಅವರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿಯಾಗಿತ್ತು.

"ಹಲಗೆ ಯಾರು ಕಿತ್ತಿದ್ದು?" ಅಂದರು.

"ನಾನು."

"ಮೊಳೆನೆಲ್ಲ ಬಗ್ಗಿಸಿಬಿಟ್ಟಿದೀಯ."

ಸಲಾಕೆ ಇನ್ನೂ ಅಲ್ಲೇ ಗೋಡೆಗೆ ಒರಗಿತ್ತು. ನಾನು ಅದರ ಕಡೆ ನೋಡದೆ ಒಳಗೆ ಹೋದೆ. ನೋಡಿದ್ದರೆ ಏನು ಮಾಡುತ್ತಿದ್ದೆನೋ, ನನ್ನ ಮೇಲೆ ನನಗೇ ಭರವಸೆ ಇರಲಿಲ್ಲ.

ಆರ್ಡರ್ ಮಾತ್ರ ನಿಲ್ಲುವಂತಿರಲಿಲ್ಲ. ಮಾವ ಭಾವನಿಗೆ ಹುರಿಯಲು ಹೇಳಿದರು. ಸಾಮಾನು ತರುತ್ತಿದ್ದವರು ಭಾವನೇ ಆದ್ದರಿಂದ ಯಾವುದು ಎಷ್ಟು ಸೇರು, ಎಷ್ಟು ಪಾವು ಎಂಬ ಲೆಕ್ಕ ಅವರಿಗೆ ಅಂದಾಜಿತ್ತು. ಅಕ್ಕ ಅಳೆಯುವಾಗ ಬಾಗಿಲಾಚೆಯಿಂದ ಎಣಿಕೆಯೂ ಕಿವಿಗೆ ಬಿದ್ದಿತ್ತಂತೆ. ಕಿಟಕಿಗೆ ಗೋಣಿತಾಟು ಕಟ್ಟಿಕೊಂಡು ಒಳಗೆ ಹೋದರು. ಮೆಣಸಿನಕಾಯಿಗೆ ಬರುವ ಹೊತ್ತಿಗೆ ಅವರೇ ತಾಟು ಕಿತ್ತೆಸೆದು ಕಿಟಕಿಗೆ ಮುಖ ಕೊಟ್ಟು ನಿಂತರು. ಹೆಂಡತಿ ವರ್ಷಗಟ್ಟಲೆ ನಿಂತ ಜಾಗದಲ್ಲಿ ಅವರು ಅರ್ಧ ಗಂಟೆಯೂ ನಿಲ್ಲಲಿಲ್ಲ. ಪುಡಿಯೇನೋ ಆಯಿತು. ಹುಳಿ ಮಾಡಿ ನೋಡಿದರೆ ಬಾಯಿಗಿಡಲಾಗದಷ್ಟು ಕಹಿ. ಮೆಂತ್ಯ ಸೀದಿರಬೇಕೆಂದು ಮತ್ತೆ ಹುರಿದರು. ಆಗಲೂ ಕಹಿ. ಅಷ್ಟರಲ್ಲಿ ಮೊದಲ ಸಲದ್ದನ್ನು ಮಾವ, ಯಾರಿಗೆ ಗೊತ್ತಾಗುತ್ತೆ ಎಂದು ಜಯನಗರಕ್ಕೆ ಕಳಿಸಿಯಾಗಿತ್ತು. ಗೊತ್ತಾಯಿತು. ಪೊಟ್ಟಣಗಳು ವಾಪಸ್ ಬಂದವು.

ಅವತ್ತು ಸಂಜೆ ಮಾವ ಹೇಳಿದ ಮಾತು ನಾನು ಸಾಯುವವರೆಗೂ ಮರೆಯುವುದಿಲ್ಲ. "ಅವಳನ್ನ ಮನೆಗೆ ಕರ್ಕೊಂಡು ಬನ್ನಿ. ಕೋಣೇಲಿ ಒಂದು ಕುರ್ಚಿ ಹಾಕಿ ಕೂರ್ಸಿ. ಅವಳು ಬಾಯಲ್ಲಿ ಹೇಳ್ಲಿ, ಇವನು ಹುರೀಲಿ. ಬಾಗಿಲು ಹಾಕ್ಕೊಂಡ್ರಾಯ್ತು."

ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿರುವವರನ್ನು ಮತ್ತೆ ಅದೇ ಹೊಗೆಗೆ ತಂದು ಕೂರಿಸುವುದು. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ನಾನು ದನಿ ಎತ್ತಿದವಳಲ್ಲ. ಅವತ್ತು ಎತ್ತಿದೆ.

"ಅಕ್ಕ ಇನ್ನು ಆ ಕೋಣೆಗೆ ಕಾಲಿಡಲ್ಲ ಮಾವ. ಕುರ್ಚಿ ಹಾಕಿದ್ರೆ ನೀವೇ ಕೂತ್ಕೊಳ್ಳಿ. ಒಂದ್ಸಲ ಮೆಣಸಿನಕಾಯಿ ಹುರಿಯೋವರೆಗೂ ಕೂತು ನೋಡಿ. ಆಮೇಲೆ ಗುಟ್ಟಿನ ಮಾತು ಆಡೋಣ."

ನನ್ನ ಗಂಡ ನೆಲ ನೋಡುತ್ತಿದ್ದರು. ಭಾವ ಎದ್ದು ಹೊರಗೆ ಹೋದರು. ಅವರ ಕಣ್ಣು ಇನ್ನೂ ಕೆಂಪಗಿತ್ತು, ಅದು ಘಾಟಿನಿಂದಲೋ ಬೇರೆಯದರಿಂದಲೋ ನನಗೆ ತಿಳಿಯದು. "ಮನೆ ಒಡೀಬೇಕು ಅಂತ ಬಂದವಳು ನೀನು," ಅಂದರು ಮಾವ.

ಬೈದದ್ದೇನೋ ಆಯಿತು. ಆದರೆ ಬೈದರೆ ಪುಡಿಯಾಗುವುದಿಲ್ಲ. ಪುಡಿಯಾಗದಿದ್ದರೆ ಇವತ್ತಲ್ಲ ನಾಳೆ ಅಕ್ಕನನ್ನು ಕರೆದುಕೊಂಡು ಬಂದೇ ಬರುತ್ತಾರೆ, ಅಕ್ಕ ಬೇಡವೆನ್ನದೆ ಬರುತ್ತಾರೆ. ಅವರ ಬದಲು ಒಲೆಯ ಮುಂದೆ ಇನ್ನೊಬ್ಬರು ನಿಲ್ಲಬೇಕಿತ್ತು. ಹೇಳಿಕೊಡಿ ಎಂದು ಕೇಳಿದರೆ ಮತ್ತೆ ಅದೇ ಉತ್ತರ ಬರುತ್ತದೆ ಎಂದು ನನಗೆ ಗೊತ್ತಿತ್ತು. ನರ್ಸಿಂಗ್ ಹೋಮಿಗೆ ಆಟೋದಲ್ಲಿ ಹೋಗುತ್ತಾ ಯೋಚಿಸಿದೆ. ಅಕ್ಕನಿಂದ ಕಸಿದುಕೊಳ್ಳಲು ಎಲ್ಲರೂ ಕಾಯುತ್ತಿದ್ದಾರೆ, ನಾನೂ ಕೈ ಚಾಚಿಕೊಂಡೇ ಹೋದರೆ ಅವರು ನನ್ನನ್ನೇಕೆ ನಂಬಬೇಕು? ನನ್ನ ಕೈಯಲ್ಲೂ ಒಂದು ಪಾಲಿದೆಯಲ್ಲ. ಮೊದಲು ಅದನ್ನು ಕೊಡುವುದು ಎಂದು ತೀರ್ಮಾನ ಮಾಡಿದೆ.

ಅದು ನಾಲ್ಕಾರು ಮಂಚಗಳಿದ್ದ ವಾರ್ಡು. ಅಕ್ಕ ದಿಂಬಿಗೆ ಒರಗಿ ಕೂತಿದ್ದರು. ನಾನು ಸ್ಟೂಲು ಎಳೆದುಕೊಂಡು ಕೂತು, ಪೀಠಿಕೆಯಿಲ್ಲದೆ, ಎಲ್ಲರಿಗೂ ಕೇಳುವ ಹಾಗೆ ಶುರುಮಾಡಿದೆ.

"ಹಪ್ಪಳಕ್ಕೆ ನೀರು ಹಿಂದಿನ ದಿನಾನೇ ಕಾಯಿಸಬೇಕು ಅಕ್ಕ. ಹಪ್ಪಳದ ಖಾರ, ಅದೇ ಆ ಬಿಳೀ ಕ್ಷಾರ, ಮತ್ತೆ ಉಪ್ಪು ಹಾಕಿ ಕುದಿಸಿ ಮುಚ್ಚಿಡೋದು. ಬೆಳಿಗ್ಗೆ ಹೊತ್ತಿಗೆ ಗಸಿ ಕೆಳಗೆ ಕೂತಿರುತ್ತೆ. ಮೇಲಿನ ತಿಳಿ ಮಾತ್ರ ತಗೊಂಡು ಉದ್ದಿನ ಹಿಟ್ಟು ಕಲಸೋದು."

"ಏನೇ ಇದು? ಸುಮ್ನಿರು," ಅಂದರು ಅಕ್ಕ, ಸುತ್ತ ನೋಡುತ್ತಾ.

"ಹಿಟ್ಟು ಗಟ್ಟಿ ಇರಬೇಕು. ಎಣ್ಣೆ ಸವರಿ ಒರಳಲ್ಲಿ ಕುಟ್ಟಬೇಕು, ಎಳೆದರೆ ಹಗ್ಗದ ಥರ ಬರಬೇಕು, ಹರೀಬಾರ್ದು. ಲಟ್ಟಿಸಿದ ಮೇಲೆ ಪೂರ್ತಿ ಬಿಸಿಲಲ್ಲಿ ಬಿಟ್ರೆ ಅಂಚು ಸುರುಟಿಕೊಳ್ಳುತ್ತೆ. ಅರ್ಧ ಒಣಗಿದಾಗಲೇ ತೆಗೆದು ಒಂದರ ಮೇಲೊಂದು ಪೇರಿಸಿ ಭಾರ ಇಡಬೇಕು. ಆಮೇಲೆ ನೆರಳಲ್ಲಿ. ಅತ್ತೆ ನನಗೆ ಕಲಿಸಿದ್ದು ಇಷ್ಟೇ. ಈಗ ನಿಮಗೂ ಗೊತ್ತಾಯ್ತು."

ಪಕ್ಕದ ಮಂಚದಲ್ಲಿದ್ದ ಹೆಂಗಸು, "ನಮ್ ಕಡೆ ಜೀರಿಗೆನೂ ಹಾಕ್ತೀವಿ," ಅಂದರು. ಅಲ್ಲಿದ್ದ ಯಾರೂ ಎದ್ದು ಹೋಗಿ ಹಪ್ಪಳದ ಅಂಗಡಿ ತೆರೆಯಲಿಲ್ಲ.

ಅಕ್ಕನ ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಭಾವ ಮಾಡಿದ ಪುಡಿಯ ಬಗ್ಗೆ ಕೇಳಿದರು. ಕಹಿಯಾಯಿತು ಎಂದೆ.

"ಮೆಂತ್ಯ ಯಾವ ಪಾವಲ್ಲಿ ಅಳೆದ್ರು?"

"ಕೋಣೇಲಿ ಇಟ್ಟಿದೆಯಲ್ಲ, ಹಿತ್ತಾಳೆ ಪಾವು. ಗೋಡೆ ಗೂಡಲ್ಲಿರೋದು."

"ಅದಲ್ಲ ಕಣೆ. ಮೊಳೆಗೆ ನೇತುಹಾಕಿರೋದೊಂದಿದೆ. ಅದರ ತಳದಲ್ಲಿ ಅರಗು ಹುಯ್ದಿದೆ. ಮೆಂತ್ಯಕ್ಕೆ, ಮೆಣಸಿಗೆ ಅದೇ ಪಾವು. ಯಾರಾದ್ರೂ ಬಾಗಿಲಲ್ಲಿ ನಿಂತು ಎಣಿಸಿದ್ರೂ ತಪ್ಪಾಗ್ಲಿ ಅಂತ ಅತ್ತೆ ಕೈಲಿ ಮಾವಾನೇ ಹುಯ್ಸಿದ್ದು."

ಮನೆಗೆ ಬಂದು ನೋಡಿದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಪಾವು. ಬೆರಳು ಹಾಕಿದರೆ ಒಂದರ ತಳ ಮೇಲಕ್ಕೇ ಸಿಗುತ್ತಿತ್ತು. ಅರಗು ಗಟ್ಟಿಯಾಗಿ ಕರಿಯಾಗಿ ಕೂತಿತ್ತು. ಎಣಿಸಿ ಕದಿಯುವ ಕಳ್ಳನಿಗೆಂದು ಇಟ್ಟ ಮೋಸಕ್ಕೆ ಬಿದ್ದದ್ದು ಸ್ವಂತ ಮಗ. ಹುಯ್ಯಿಸಿದ ಮಾವನಿಗೆ ಅದರ ನೆನಪೇ ಇರಲಿಲ್ಲ. ಇಷ್ಟೆಲ್ಲ ಜಾಣತನ ಮಾಡಿ ಆ ಕುಟುಂಬ ಉಳಿಸಿಕೊಂಡದ್ದು ಏನು ಎಂದು ಆ ಪಾವು ಹಿಡಿದುಕೊಂಡು ನಿಂತು ನಾನು ನಗಬೇಕಿತ್ತು. ನಗು ಬರಲಿಲ್ಲ. ಅದನ್ನು ಮಾವನ ಮುಂದೆ ಇಟ್ಟು, "ನಿಮ್ಮ ಅರಗು," ಅಂದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

ಮರುದಿನದಿಂದ ನಾನು ಹುರಿಯಲು ನಿಂತೆ. ಬಾಗಿಲಿಗೆ ಅಗಳಿ ಹಾಕಲಿಲ್ಲ, ಕಿಟಕಿಗೆ ತಾಟು ಕಟ್ಟಲಿಲ್ಲ. ಮಾವ ಬಂದು ತಡೆಯುತ್ತಾರೇನೋ ಎಂದು ನೋಡಿದೆ. ಅವರಿಗೆ ಪುಡಿ ಬೇಕಿತ್ತು, ತಡೆಯಲಿಲ್ಲ. ಹುರಿದದ್ದರ ಮಾದರಿಯನ್ನು ಪೊಟ್ಟಣ ಕಟ್ಟಿಕೊಂಡು ನರ್ಸಿಂಗ್ ಹೋಮಿಗೆ ಹೋಗುತ್ತಿದ್ದೆ. ಅಕ್ಕ ಪುಡಿಯನ್ನು ಮೂಗಿನ ಹತ್ತಿರ ತರುವಂತಿರಲಿಲ್ಲ, ಆದ್ದರಿಂದ ಕಾಳನ್ನು ಹಲ್ಲಿನಿಂದ ಕಡಿದು ಹೇಳುತ್ತಿದ್ದರು. ಧನಿಯಾ ಇನ್ನೂ ಹಸಿ. ಕಡಲೆಬೇಳೆ ಹೊರಗೆ ಕೆಂಪಾಗಿದೆ, ಒಳಗೆ ಬೆಂದಿಲ್ಲ, ಉರಿ ಜಾಸ್ತಿ ಇಟ್ಟಿದ್ದೀಯ. ಮೆಂತ್ಯ ಹುರಿಯುವಾಗ ಬಣ್ಣ ನೋಡುತ್ತಾ ನಿಲ್ಲಬೇಡ, ಚಟಪಟ ಸದ್ದು ಕಡಿಮೆಯಾಗುತ್ತಿದ್ದಂತೆ ಇಳಿಸು, ಬಾಣಲೆಯ ಕಾವಿಗೇ ಅದು ಇನ್ನಷ್ಟು ಕೆಂಪಾಗುತ್ತದೆ. ಪೂರ್ತಿ ಆರುವ ಮುಂಚೆ ಮಷೀನಿಗೆ ಹಾಕಿದರೆ ಪುಡಿ ಗಂಟುಕಟ್ಟುತ್ತದೆ, ಅವಸರ ಮಾಡಬೇಡ. ನಾನು ಒಂದು ಬಾಣಲೆ ಧನಿಯಾ ಸೀಯಿಸಿದೆ, ಒಂದು ಸಲ ಇಂಗನ್ನು ಅರಳಿಸದೆ ಹಾಗೇ ಹಾಕಿಬಿಟ್ಟೆ. ಪುಡಿ ಅಕ್ಕನ ಪುಡಿಯ ಹಾಗಾಗಲು ಬಹಳ ಬಾಣಲೆಗಳು ಬೇಕಾದವು. ಜಯನಗರದವರು ಕಾಯಲಿಲ್ಲ, ಬೇರೆಯವರ ಪುಡಿ ಇಟ್ಟುಕೊಂಡರು. ಅದಕ್ಕೆ ಮಾವ ನನ್ನನ್ನು ಬೈದರು. ಬೈಯಲಿ ಬಿಡಿ.

ಕಿಟಕಿ ತೆರೆದು ಹುರಿದ ಮೊದಲ ವಾರವೇ ಎದುರು ಮನೆಯ ಅಜ್ಜಿಯೊಬ್ಬರು ಅಂಗಡಿಗೆ ಬಂದು, "ನಿಮ್ಮತ್ತೆ ಇದ್ದಾಗ ಹೀಗೇ ಘಮ ಬರ್ತಿತ್ತು ನೋಡು. ಮಧ್ಯೆ ಯಾಕೆ ನಿಲ್ಸಿಬಿಟ್ಟಿದ್ರಿ?" ಎಂದು ಕೇಳಿದರು. ನಾನು ಮಾವನ ಮುಖ ನೋಡಿದೆ. ಅವರು ಗಿರಾಕಿಗೆ ಚಿಲ್ಲರೆ ಎಣಿಸುವುದರಲ್ಲಿ ಮುಳುಗಿದ್ದರು.

ಅಕ್ಕ ಮನೆಗೆ ಬಂದರು. ಉಸಿರು ಪೂರ್ತಿ ಬರಲಿಲ್ಲ. ಡಾಕ್ಟರು ಹೇಳಿದ್ದರು, ಹೋದದ್ದು ಹೋಯಿತು, ಇರುವುದನ್ನು ಕಾಪಾಡಿಕೊಳ್ಳಬೇಕು ಎಂದು. ಹುರಿಯುವ ದಿನ ಅವರನ್ನು ಅಂಗಡಿಯ ಮುಂದೆ, ಗಾಳಿ ಬರುವ ಕಡೆ ಕೂರಿಸುತ್ತಿದ್ದೆವು. ಸೊಂಟಕ್ಕೆ ಇನ್‌ಹೇಲರ್ ಸಿಕ್ಕಿಸಿಕೊಂಡು ಕೂತಿರುತ್ತಿದ್ದರು. ಅವರನ್ನು ಮನೆಯಿಂದ ಯಾರೂ ಕಳಿಸಲಿಲ್ಲ. ನಾನು ಇರುವವರೆಗೆ ಕಳಿಸಲಾಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಗಿತ್ತು.

ಮಾವ ಹೆದರಿದಂತೆ ಮನೆ ಒಡೆಯಲಿಲ್ಲ. ಎರಡೂ ವಿದ್ಯೆ ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು, ಆಮೇಲೆ ನನ್ನ ಗಂಡನಿಗೂ ಭಾವನಿಗೂ ಕಲಿಸಿದೆ. ಯಾರೂ ಹೋಗಲಿಲ್ಲ. ಆದರೆ ಮಾವ ಕೊನೆಯವರೆಗೂ ತಮ್ಮದು ತಪ್ಪು ಎಂದು ಒಪ್ಪಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ, ಹಾಸಿಗೆ ಹಿಡಿದಿದ್ದಾಗ, ಅಷ್ಟರಲ್ಲಿ ಹುಟ್ಟಿ ಬೆಳೆದಿದ್ದ ನನ್ನ ಮಗಳನ್ನು ಹತ್ತಿರ ಕರೆದು, "ನಿಮ್ಮಮ್ಮ ಹೇಳಿಕೊಡೋದನ್ನ ಯಾರಿಗೂ ಹೇಳಬೇಡ," ಅಂದಿದ್ದರು. ಅವರು ತೀರಿಕೊಂಡಾಗ ಎಲ್ಲರೂ ಅತ್ತರು. ನಾನು ಅಳಲಿಲ್ಲ, ಅಳುವ ಹಾಗೆ ನಟಿಸಲೂ ಇಲ್ಲ.

ಈಗ ಬಿಟಿಎಂ ಕಡೆ ಹೊಸದಾಗಿ ಬಂದು ನೆಲೆಸಿದ ಹುಡುಗಿಯರು ನಮ್ಮ ಅಂಗಡಿಗೆ ಬರುತ್ತಾರೆ. ಉತ್ತರ ಕರ್ನಾಟಕದವರು, ಆಫೀಸುಗಳಲ್ಲಿ ಕೆಲಸ ಮಾಡುವವರು. ಪುಡಿ ತೆಗೆದುಕೊಂಡು, "ಆಂಟಿ, ಇದನ್ನ ಮನೇಲಿ ಮಾಡೂದು ಹೆಂಗ್ರೀ?" ಎಂದು ಕೇಳುತ್ತಾರೆ. ಅಕ್ಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಹೇಳಿಕೊಡುತ್ತಾರೆ. ಮೆಂತ್ಯ ಎಷ್ಟು, ಸದ್ದು ಎಲ್ಲಿಯವರೆಗೆ, ಯಾವ ಉರಿ, ಒಂದನ್ನೂ ಬಚ್ಚಿಡುವುದಿಲ್ಲ. ಕಿಟಕಿ ತೆರೆದಿಟ್ಟುಕೊಂಡು ಹುರಿಯಿರಿ ಎಂಬುದನ್ನು ಮಾತ್ರ ಎರಡು ಸಲ ಹೇಳುತ್ತಾರೆ. ಆದರೆ ಅವರ ಉಸಿರು ಅ‌ರ್ಧ ವಾಕ್ಯಕ್ಕೇ ಮುಗಿಯುತ್ತದೆ. ಅವರು ನಿಲ್ಲಿಸಿದಲ್ಲಿಂದ ಮುಂದಿನದನ್ನು ನಾನು ಹೇಳುತ್ತೇನೆ.